ಬಾಣಂತಿಕೊಲ್ಲಿಯ ದೀಪವಿಲ್ಲದ ದೇವಿ

ಪೂರ್ವಕಾಲದಲ್ಲಿ, ಪಶ್ಚಿಮ ಸಮುದ್ರತೀರದ ಈ ಶಾಂತಜಲದ ಕೊಲ್ಲಿಗೆ ಇನ್ನೂ ಹೆಸರೇ ಇಲ್ಲದಿದ್ದ ಯುಗದಲ್ಲಿ, ದಡದ ದೇವಿಗುಡಿಯ ಪಕ್ಕದ ಗುಡಿಸಲಿನಲ್ಲಿ ಮಾಸ್ತಿ ಎಂಬ ಬೆಸ್ತರ ಹೆಣ್ಣುಮಗಳು ಚೊಚ್ಚಲ ಬಾಣಂತಿಯಾಗಿದ್ದಳು. ಪ್ರತಿ ಹೇಮಂತದಲ್ಲಿಯೂ ಗೂನುಬೆನ್ನಿನ ತಿಮಿಂಗಿಲಮಾತೆಯರು ಬೆಚ್ಚನೆಯ ನೀರನ್ನರಸಿ ಇಲ್ಲಿಗೆ ಬಂದು, ಮರಿ ಹೆತ್ತು, ಹಾಲೂಡಿಸಿ, ಮರಿ ಬಲಿತ ಬಳಿಕವೇ ಮಹಾಸಾಗರಕ್ಕೆ ಮರಳುತ್ತಿದ್ದರು. ಬಾಣಂತಿಯ ಬಾಗಿಲಿಗೆ ಎದುರಾಗಿ ಬಲೆ ಹರಡಿದರೆ ಅವಳ ಹಾಲು ಕಟ್ಟುತ್ತದೆಂಬುದು ಬೆಸ್ತರ ನಂಬಿಕೆ. ಆದ್ದರಿಂದ ಮಾಸ್ತಿಯ ಗಂಡ ಜಟ್ಟಪ್ಪನು ತನ್ನ ಬಲೆಯನ್ನು ಊರಾಚೆ ಒಣಗಿಸುತ್ತಿದ್ದನು.

ಆಗ ಸೀಮಾಧಿಪತಿ ವೀರಮಾರ್ತಾಂಡನಿಗೆ ಪುತ್ರೋತ್ಸವವಾಯಿತು. ದೇವಿಗೆ ಸಹಸ್ರದೀಪ ಬೆಳಗಿಸುವೆನೆಂದು ಹರಕೆ ಹೊತ್ತಿದ್ದ ಆ ಮಹಾನುಭಾವನು, ಅದಕ್ಕೆ ತಿಮಿಂಗಿಲದ ಕೊಬ್ಬಿನ ಎಣ್ಣೆಯೇ ಆಗಬೇಕೆಂದನು! ತನ್ನ ಕೂಸಿನ ಸಂಭ್ರಮಕ್ಕೆ ಇನ್ನೊಂದು ಕೂಸಿನ ತಾಯಿ ಉರಿಯಬೇಕಂತೆ. ಇಂತಹ ಭಕ್ತಿಗೆ ಏನೆನ್ನೋಣ? ಮರಿಯನ್ನು ಚುಚ್ಚಿದರೆ ತಾಯಿ ಬಿಟ್ಟುಹೋಗಲಾರಳೆಂದು ಬಲ್ಲ ಅವನು, ಆಗತಾನೆ ಮರಿ ಹೆತ್ತ ತಿಮಿಂಗಿಲವೊಂದು ಒಳಗಿರುವಾಗಲೇ ಕೊಲ್ಲಿಯ ಬಾಯಿಗೆ ಬಲೆ ಕಟ್ಟಿಸಿ, ಜಟ್ಟಪ್ಪನ ಕೈಗೆ ಈಟಿ ಕೊಟ್ಟು ತನ್ನ ದೋಣಿಯಲ್ಲಿ ನಿಲ್ಲಿಸಿಕೊಂಡನು.

ಸುದ್ದಿ ಕೇಳಿ ಮಾಸ್ತಿಯ ಮೈಯೆಲ್ಲ ಉರಿದುಹೋಯಿತು. ಹಸುಗೂಸನ್ನು ಎದೆಗವಚಿಕೊಂಡು ಸೊಂಟಮಟ್ಟದ ನೀರಿಗಿಳಿದು ಕೂಗಿದಳು: “ಒಡೆಯಾ, ಒಳಗಿರೂದೂ ಬಾಣಂತಿಯೇ ಅಲ್ದಾ? ಅವಳ ಬಾಗ್ಲಿಗೆ ಬಲೆ ಕಟ್ಟೂಕೆ ನಾಚ್ಕೆ ಆಗೂದಿಲ್ವಾ ನಿಮ್ಗೆ? ಹೋಯ್, ಇವ್ರೇ, ಈಟಿ ಕೆಳಗಿಡಿ! ಅದನ್ನ ಎಸೆದ ಕೈಲಿ ನನ್ನ ಕೂಸ್ನ ಮುಟ್ಟೂಕೆ ಬಿಡೂದಿಲ್ಲ!”

ಜಟ್ಟಪ್ಪನು ಈಟಿ ಬಿಸುಟು, ನೀರಿಗೆ ಹಾರಿ ಬಲೆಯನ್ನು ಕೊಯ್ದನು. ಕ್ರುದ್ಧನಾದ ವೀರಮಾರ್ತಾಂಡನು ತಾನೇ ಇನ್ನೊಂದು ಈಟಿಯೆತ್ತಿ ಮರಿಗೆ ಗುರಿಯಿಟ್ಟ ಕ್ಷಣದಲ್ಲಿ ಗುಡಿಯೊಳಗಿಂದ ದೇವೀವಾಕ್ಯ ಮೊಳಗಿತು: “ಎಲೈ ಮೂಢ, ಬಾಣಂತಿಯ ಕೊಬ್ಬು ಉರಿಯುವ ಬೆಳಕಿನಲ್ಲಿ ನಾನು ಯಾರ ಮುಖ ನೋಡಲಿ? ನಿನ್ನ ದೀಪ ನನಗೆ ಬೇಡ. ಈ ತಾಯಂದಿರು ಇಲ್ಲಿರುವಷ್ಟು ಕಾಲ ನಾನು ಕತ್ತಲಲ್ಲಿಯೇ ಇರುವೆನು.” ಗುಡಿಯ ನಂದಾದೀಪ ತಾನಾಗಿ ಆರಿತು, ಈಟಿಯೆತ್ತಿದವನ ದೋಣಿ ಅವನೊಡನೆ ಮಗುಚಿ ಅಲ್ಲಿಯೇ ಕಲ್ಲಾಯಿತು. ಮರಿಯೂ ತಾಯಿಯೂ ಆ ಕಲ್ಲನ್ನು ಬಳಸಿಕೊಂಡು ಕಡಲಿಗೆ ಹೋದವು.

ಅಂದಿನಿಂದ ಬಾಣಂತಿಕೊಲ್ಲಿಯೆಂದು ಹೆಸರಾದ ಈ ಕೊಲ್ಲಿಯ ಬಾಯಲ್ಲಿ ಇಂದಿಗೂ ಬೋರಲು ಬಿದ್ದಿರುವ ದೋಣಿಬಂಡೆ ಅದೇ. ಹೇಮಂತದಲ್ಲಿ ಇಲ್ಲಿ ಯಾರೂ ಬಲೆ ಬೀಸುವುದಿಲ್ಲ, ಗರ್ಭಗುಡಿಯಲ್ಲಿ ದೀಪ ಹಚ್ಚುವುದಿಲ್ಲ. ಅಷ್ಟು ದೂರದಿಂದ ಬಂದರೂ ದೇವಿಯ ಮುಖ ಕಾಣಲಿಲ್ಲವೆಂದು ಗೊಣಗುವ ಭಕ್ತಾದಿಗಳು ಅರ್ಚಕರೊಡನೆ ಜಗಳಕ್ಕಿಳಿಯದೆ, ಹೊರಗೆ ಬಂದು ನೀರಿನತ್ತ ನೋಡತಕ್ಕದ್ದು.