ಬಿರುಕು ಬಿಡದ ಪಿಸ್ತೂಲು

“ಸರ್, ಪಿಸ್ತೂಲಿಗೆ ಹಗುರ ಮಿಶ್ರಲೋಹದ ಫ್ರೇಮ್ ಹೆಚ್ಚು ದಿನ ಬಾಳುತ್ತದೋ, ಉಕ್ಕಿನದೋ?”

ಕೇಳಿದವಳು ವಾರಿಜಾ. ಪೊಲೀಸ್ ಶೂಟಿಂಗ್ ತಂಡಕ್ಕೆ ಹೊಸದಾಗಿ ಸೇರಿದವಳು. ಯಾವ ಪಿಸ್ತೂಲು ಬೇಕೆಂದು ಅವಳೇ ಹೇಳಬೇಕಿತ್ತು. ಕಂಡಕಂಡವರನ್ನೆಲ್ಲ ವಿಚಾರಿಸಿದ್ದಳು, ಒಬ್ಬೊಬ್ಬರು ಒಂದೊಂದು ಹೇಳಿದ್ದರು. ಅಭ್ಯಾಸಕ್ಕೆ ಮಾತ್ರ ಇನ್ನೂ ಇಳಿದಿರಲಿಲ್ಲ.

ತರಬೇತುದಾರ ಕುಟ್ಟಯ್ಯನವರು ಬೆಂಚಿನ ಮೇಲೆ ಕುಳಿತು ಹೇಳತೊಡಗಿದರು.

ಒಂದು ತಂಡದಲ್ಲಿ ಒಬ್ಬ ಗುರಿಕಾರನಿದ್ದ. ಒಳ್ಳೆಯ ಕೈ. ಆ ವರ್ಷದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಅವನು ಪದಕ ತರುತ್ತಾನೆಂದು ಎಲ್ಲರೂ ನಂಬಿದ್ದರು. ಅವನಿಗೆ ಮಿಶ್ರಲೋಹದ ಫ್ರೇಮಿನ ಹೊಸ ಪಿಸ್ತೂಲು ಸಿಕ್ಕಿತು. ಅಂಥದೇ ಇನ್ನೊಂದು, ತಂಡದಲ್ಲಿದ್ದ ಒಬ್ಬ ಹೆಣ್ಣುಮಗಳಿಗೂ ಸಿಕ್ಕಿತು.

ಪಿಸ್ತೂಲು ಕೊಡುವಾಗ ತಂಡದ ನಾಯಕ ಇಬ್ಬರಿಗೂ ಎಚ್ಚರಿಕೆ ಹೇಳಿದ. ಇದು ಕೈಗೆ ಹಗುರ, ಆದರೆ ಉಕ್ಕಿನಷ್ಟು ತಾಳುವುದಿಲ್ಲ. ಪ್ರತಿ ಗುಂಡಿನ ಒದೆತವೂ ಈ ಫ್ರೇಮಿನ ಮೈಮೇಲೆ ಬೀಳುತ್ತದೆ. ಎಣ್ಣೆ ಹಾಕಬೇಕು, ಸ್ಪ್ರಿಂಗನ್ನು ಆಗಾಗ ಬದಲಾಯಿಸಬೇಕು. ಹಾಗೆ ಮಾಡಿದರೂ ಒಂದು ದಿನ ಕೂದಲೆಳೆಯಷ್ಟು ಬಿರುಕು ಬರುತ್ತದೆ. ಬಂದ ಮೇಲೆ ಅದರಲ್ಲಿ ಹೊಡೆಯಬಾರದು.

ಹೆಣ್ಣುಮಗಳು ಆಗಲೆಂದು ಹೇಳಿ ಅಭ್ಯಾಸಕ್ಕೆ ಹೋದಳು. ಗುರಿಕಾರನ ಮನಸ್ಸಿನಲ್ಲಿ ಆ ಬಿರುಕಿನ ಮಾತೇ ಕುಳಿತುಬಿಟ್ಟಿತು. ಹೊಡೆದ ಒಂದೊಂದು ಗುಂಡಿಗೂ ಪಿಸ್ತೂಲಿನ ಆಯಸ್ಸು ಒಂದಿಷ್ಟು ಸವೆಯಿತೆಂದು ಅವನಿಗೆ ಅನ್ನಿಸತೊಡಗಿತು. ಸ್ಪರ್ಧೆಗೆ ಉಳಿಯಲಿ ಎಂದು ಮೊದಲು ಬೆಳಗಿನ ಅಭ್ಯಾಸ ಬಿಟ್ಟ. ಆಮೇಲೆ ಸಂಜೆಯದನ್ನೂ ಕಡಿಮೆ ಮಾಡಿದ. ಹೊಡೆದ ದಿನವೂ ಗುಂಡು ಎಲ್ಲಿ ಬಿತ್ತೆಂದು ನೋಡುವ ಮೊದಲು ಪಿಸ್ತೂಲನ್ನು ತಿರುಗಿಸಿ ನೋಡುತ್ತಿದ್ದ. ಏನೂ ಕಾಣದಿದ್ದರೆ ನೆಮ್ಮದಿ. ಒರೆಸಿ, ಬಟ್ಟೆ ಸುತ್ತಿ ಎತ್ತಿಡುತ್ತಿದ್ದ.

ಸ್ಪರ್ಧೆ ಹತ್ತಿರ ಬಂದಾಗ ಹೆಣ್ಣುಮಗಳ ಪಿಸ್ತೂಲು ಬಿರುಕು ಬಿಟ್ಟಿತು. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಗುರಿಕಾರ ಪಕ್ಕದಲ್ಲಿ ಬಂದು ಕುಳಿತ. ಅವಳಿಗಾಗಿ ಮರುಕಪಟ್ಟ. ತನ್ನದು ಹಾಗಾಗಲಿಲ್ಲವಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು.

“ಅಷ್ಟೊಂದು ಹೊಡೆಯಬೇಡ ಅಂತ ನಾನು ಹೇಳಿರಲಿಲ್ಲವೇ ತಂಗಿ?” ಎಂದ.

“ಹೊಡೆಯದೆ ಕೈ ಪಳಗುವುದು ಹೇಗಣ್ಣ?” ಎಂದು ಅವಳು ಕಣ್ಣೊರೆಸಿಕೊಂಡು ಎದ್ದಳು.

ಶಸ್ತ್ರಾಗಾರದಲ್ಲಿ ಉಕ್ಕಿನ ಫ್ರೇಮಿನ ಹಳೆಯ ಪಿಸ್ತೂಲೊಂದಿತ್ತು. ಅವಳು ಅದನ್ನೇ ಕೇಳಿ ತಂದಳು. ಅದು ಭಾರ. ಮೊದಮೊದಲು ತೋಳು ಸೋತು, ಗುಂಡುಗಳು ಗುರಿಯ ಕೆಳಗೆ ಬಿದ್ದವು. ಭುಜ ನೋಯುತ್ತಿದ್ದರೂ ಅವಳು ಬಿಡಲಿಲ್ಲ. ಸ್ಪರ್ಧೆಗೆ ಹೊರಡುವ ಹೊತ್ತಿಗೆ ಆ ಭಾರ ಅವಳ ಕೈಗೆ ಒಗ್ಗಿತ್ತು.

ಸ್ಪರ್ಧೆಯ ದಿನ ಗುರಿಕಾರ ತನ್ನ ಪಿಸ್ತೂಲನ್ನು ಹೊರತೆಗೆದ. ಅಂಗಡಿಯಿಂದ ಆಗತಾನೇ ತಂದಂತೆ ಹೊಳೆಯುತ್ತಿತ್ತು. ನಿಧಾನವಾಗಿ ಹೊಡೆಯುವ ಸುತ್ತನ್ನು ಹೇಗೋ ದಾಟಿದ. ಬೇಗಬೇಗ ಹೊಡೆಯುವ ಸುತ್ತು ಬಂತು. ಮೊದಲ ಗುಂಡಿನ ಒದೆತಕ್ಕೆ ಮೇಲೆದ್ದ ಪಿಸ್ತೂಲು ಮತ್ತೆ ಗುರಿಗೆ ಬರಲಿಲ್ಲ. ಎಷ್ಟೋ ವರ್ಷ ಪಿಸ್ತೂಲು ಹಿಡಿದಿದ್ದ ಕೈಗೆ ಅಭ್ಯಾಸ ತಪ್ಪಿಹೋಗಿತ್ತು. ಅವನು ಅಂತಿಮ ಸುತ್ತಿಗೆ ಬರಲಿಲ್ಲ. ಮಹಿಳೆಯರ ವಿಭಾಗದಲ್ಲಿ ಆ ಹೆಣ್ಣುಮಗಳಿಗೆ ಮೂರನೆಯ ಸ್ಥಾನ ಸಿಕ್ಕಿತು.

ಊರಿಗೆ ಮರಳಿದ ಮೇಲೆ ಗುರಿಕಾರ ಪಿಸ್ತೂಲನ್ನು ನಾಯಕನ ಮುಂದೆ ಇಟ್ಟ. “ನೋಡಿ ಸರ್, ಒಂದು ಗೀರೂ ಬಿದ್ದಿಲ್ಲ,” ಎಂದ. ಅವನಿಗೆ ಹೇಳಿಕೊಳ್ಳಲು ಬೇರೇನೂ ಇರಲಿಲ್ಲ.

ನಾಯಕ ಅದನ್ನು ಬೆಳಕಿಗೆ ಹಿಡಿದು ನೋಡಿದ. ಚೆನ್ನಾಗಿ ಇಟ್ಟುಕೊಂಡಿದ್ದೀಯ ಎಂದು ಹೊಗಳಿದ. ಮರುದಿನ ಅದನ್ನು ಹೊಸದಾಗಿ ತಂಡಕ್ಕೆ ಬಂದವನ ಕೈಗೆ ಕೊಟ್ಟ.

ಕುಟ್ಟಯ್ಯನವರು ಇಷ್ಟು ಹೇಳಿ ಎದ್ದರು. ವಾರಿಜಾ ಅವರ ಹಿಂದೆಯೇ ನಾಲ್ಕು ಹೆಜ್ಜೆ ಹೋದಳು.

“ಹಾಗಾದರೆ ಉಕ್ಕಿನದೇ ಹೆಚ್ಚು ಬಾಳುತ್ತದೆ ಅಂದಹಾಗಾಯಿತಲ್ಲ ಸರ್?”

“ಹೌದು, ಹೊಡೆಯದೆ ಇಟ್ಟರೆ ಎರಡೂ ನಿನಗಿಂತ ಹೆಚ್ಚು ಬಾಳುತ್ತವೆ.”

ವಾರಿಜಾ ಪಿಸ್ತೂಲು ಕೇಳಿ ತರಲು ಶಸ್ತ್ರಾಗಾರದತ್ತ ತಿರುಗಿದಳು.