ಯಾವ ಚಕ್ರ ಎಳೆಯಿತು?

ಬೇಸಿಗೆಯಲ್ಲಿ ಹೇಮಾವತಿಯ ಹಿನ್ನೀರು ಹಿಂದೆ ಸರಿದಾಗ ದೊಡ್ಡ ಬಯಲೊಂದು ತೆರೆದುಕೊಳ್ಳುತ್ತದೆ. ಅದರ ಅಂಚಿನಲ್ಲಿ ಬೆಳ್ಯಪ್ಪ ಮೇಷ್ಟ್ರ ತಗಡಿನ ಶೆಡ್ಡು ಇತ್ತು.

ಮೇಷ್ಟ್ರು ಕಲಿಸುತ್ತಿದ್ದದ್ದು ಮಣ್ಣುದಾರಿಯ ಕಾರು ರ‍್ಯಾಲಿಯಲ್ಲಿ ಗಾಡಿ ಓಡಿಸುವುದನ್ನು. ಶಿಷ್ಯರು ಮಾತ್ರ ಆ ಶೆಡ್ಡನ್ನು ಆಶ್ರಮ ಎನ್ನುತ್ತಿದ್ದರು. ಊಟಕ್ಕೆ ಅನ್ನ, ಸಾರು. ಪ್ರಶ್ನೆ ಕೇಳಿದರೆ ಬಹಳ ಸಲ ಮೌನ. ಪಾಪ, ಅವರಾದರೂ ಇನ್ನೇನೆಂದು ಕರೆಯಬೇಕು?

ಅಲ್ಲಿ ಇದ್ದದ್ದು ಒಂದೇ ನಿಯಮ. ತಿರುವು ದಾಟಿದ ಮೇಲೆ ಗಾಡಿ ನಿಲ್ಲಿಸಿ, ಶೂ ಬಿಚ್ಚಿಟ್ಟು, ತಮ್ಮದೇ ಚಕ್ರದ ಗುರುತಿನ ಮೇಲೆ ಬರಿಗಾಲಲ್ಲಿ ನಡೆದು ಬರಬೇಕು.

ಹಸಿ ಮಣ್ಣಿನಲ್ಲಿ ಟೈರಿನ ಅಚ್ಚು ಚೊಕ್ಕವಾಗಿದ್ದರೆ ಚಕ್ರ ಉರುಳಿದೆ. ಅಚ್ಚು ಅಳಿಸಿ ನುಣ್ಣಗಾಗಿದ್ದರೆ ಜಾರಿದೆ. ಮಣ್ಣು ಹಿಂದಕ್ಕೆ ಸಿಡಿದಿದ್ದರೆ ಆ ಚಕ್ರ ಗಾಡಿಯನ್ನು ಎಳೆದಿದೆ. ಇಷ್ಟು ಓದಲು ಬಂದರೆ ಸಾಕು ಎಂಬುದು ಮೇಷ್ಟ್ರ ಲೆಕ್ಕ.

ಒಂದು ಬೆಳಿಗ್ಗೆ ಅವರ ಹಳೆಯ ಶಿಷ್ಯೆ ಪ್ರಣತಿ ಬಂದಳು. ಅವಳಿಗಿಂತ ಮೊದಲೇ ಅವಳ ತಂಡದವರು ಲಾರಿಯಲ್ಲಿ ಎರಡು ಗಾಡಿ ತಂದು ಹೊಂಗೆ ಮರದ ಕೆಳಗೆ ಇಳಿಸಿ ಹೋಗಿದ್ದರು. ಒಂದು ಕೆಂಪು, ಒಂದು ಬಿಳಿ.

ಎರಡೂ ಪುಟ್ಟ ಹ್ಯಾಚ್‌ಬ್ಯಾಕ್‌ಗಳೇ. ನಿಂತಾಗ ನೋಡಿದರೆ ತರಕಾರಿ ತರಲು ಹೊರಟ ಗಾಡಿಗಳು. ಆಕ್ಸಿಲರೇಟರ್ ತುಳಿದರೆ ಮಾತ್ರ ಗೊತ್ತಾಗುತ್ತಿತ್ತು ಅವುಗಳ ನಿಜವಾದ ಬಣ್ಣ.

"ಮೇಷ್ಟ್ರೇ, ಕೆಂಪು ಗಾಡೀಲಿ ಮುಂದಿನ ಎರಡು ಚಕ್ರ ಮಾತ್ರ ಎಳೆಯುತ್ತೆ. ಬಿಳೀದರಲ್ಲಿ ನಾಲ್ಕೂ ಎಳೆಯುತ್ತೆ. ಮುಂದಿನ ರ‍್ಯಾಲಿಗೆ ಯಾವುದು ಬೇಕೋ ಆರಿಸ್ಕೋ ಅಂದಿದ್ದಾರೆ. ಯಾವುದು ಒಳ್ಳೇದು?"

"ನಿನಗೆ ಯಾವುದು ಬೇಕು?"

"ಬಿಳೀದು."

"ಮತ್ತೆ ಇಲ್ಲಿಗ್ಯಾಕೆ ಬಂದೆ?"

ಪ್ರಣತಿ ನೆಲ ನೋಡಿದಳು. "ಶಾಹೀನಳಿಗೋಸ್ಕರ."

ಶಾಹೀನ ಅವಳ ನ್ಯಾವಿಗೇಟರ್. ಎಡಗಡೆಯ ಸೀಟಿನಲ್ಲಿ ಕೂತು ಮುಂದಿನ ತಿರುವು ಎಂಥದ್ದೆಂದು ಕೂಗಿ ಹೇಳುವವಳು. ಕಾಲೇಜಿನಿಂದಲೂ ಜೊತೆಗಿದ್ದವಳು. ಹೋದ ವರ್ಷ ಇದೇ ಕೆಂಪು ಗಾಡಿ ಒಂದು ತಿರುವಿನಲ್ಲಿ ತಿರುಗದೆ ನೇರ ಹಳ್ಳಕ್ಕೆ ಇಳಿದಿತ್ತು. ಪ್ರಣತಿಗೆ ಏನೂ ಆಗಲಿಲ್ಲ. ಶಾಹೀನಳ ಹೆಗಲ ಮೂಳೆ ಮುರಿಯಿತು.

"ಮೂಳೆ ಕೂಡಿದೆ. ಆದ್ರೂ ನನ್ನ ಪಕ್ಕ ಕೂರೋಕೆ ಅವಳಿಗೆ ಭಯ. ಅವತ್ತು ಯಾಕೆ ಹಾಗಾಯ್ತು ಅಂತ ಕೇಳಿದ್ಳು. ಫ್ರಂಟ್ ವೀಲ್ ಡ್ರೈವ್ ಗಾಡಿಗಳೇ ಹಾಗೆ, ಮುಂದಕ್ಕೆ ನೂಕ್ಕೊಂಡು ಹೋಗ್ತವೆ ಅಂದೆ. ಹಾಗಾದ್ರೆ ಬೇರೆ ಗಾಡಿ ಇದ್ರೆ ನೋಡೋಣ ಅಂದ್ಳು. ಅವಳಿಲ್ಲದೆ ನಾನು ಓಡಿಸಲ್ಲ ಮೇಷ್ಟ್ರೇ. ನನಗಾಗಲ್ಲ."

"ಅವತ್ತು ನಿನ್ನ ಗುರುತಿನ ಮೇಲೆ ನಡೆದ್ಯಾ?"

"ಎಲ್ಲಿ ಮೇಷ್ಟ್ರೇ? ಅವಳ ಜೊತೆ ಆಂಬುಲೆನ್ಸಲ್ಲಿದ್ದೆ."

"ಆಮೇಲೆ?"

"ಆಮೇಲೆ ಮಳೆ ಬಂತು."

ಮೇಷ್ಟ್ರು ಶೆಡ್ಡಿನ ಗೋಡೆಗೆ ಒರಗಿಸಿದ್ದ ಎರಡು ಬಕೆಟ್ ತೋರಿಸಿದರು.

"ನೀರು ತುಂಬ್ಕೊಂಡು ಬಾ."

ಪ್ರಣತಿಗೆ ಒಳಗೊಳಗೇ ಸಿಟ್ಟು ಬಂತು. ಇಂಜಿನ್ನಿನ ಮಾತು ಕೇಳಲು ಬಂದರೆ ನೀರು ಹೊರುವ ಕೆಲಸ. ಆದರೂ ಹೋದಳು. ಎರಡೂ ಕೈಯಲ್ಲಿ ತುಂಬಿದ ಬಕೆಟ್ ಹಿಡಿದು ವಾಪಸ್ಸು ಬಂದಾಗ ಶೆಡ್ಡಿನ ಬಾಗಿಲು ಮುಚ್ಚಿ, ಹೊರಚಿಲಕ ತಾನಾಗಿ ಬಿದ್ದುಕೊಂಡಿತ್ತು.

"ಚಿಲಕ ತೆಗೆದು ಒಳಗೆ ಬಾ," ಎಂದು ಒಳಗಿನಿಂದ ಧ್ವನಿ ಬಂತು.

ಮೊಣಕೈಯಿಂದ ತಳ್ಳಿದಳು. ಚಿಲಕ ಜಗ್ಗಲಿಲ್ಲ. ಬಕೆಟ್ಟಿನ ಸಮೇತ ಬೆರಳು ಚಾಚಿದಳು. ಅರ್ಧ ನೀರು ಅವಳ ಕಾಲ ಮೇಲೆಯೇ ಚೆಲ್ಲಿತು. ಕೊನೆಗೆ ಒಂದು ಬಕೆಟ್ ಕೆಳಗಿಟ್ಟು ಚಿಲಕ ತೆಗೆದಳು.

"ಒಂದನ್ನ ಯಾಕೆ ಕೆಳಗಿಟ್ಟೆ?"

"ಒಂದು ಕೈ ಖಾಲಿ ಬೇಕಲ್ಲ ಮೇಷ್ಟ್ರೇ!"

"ಸರಿ. ಹೋಗಿ ಕೆಂಪು ಗಾಡಿ ಹತ್ತು."

ಬಯಲಿನಲ್ಲಿ ಒಂದೇ ಒಂದು ತಿರುವು, ಹೊಂಗೆ ಮರ ಬಳಸಿ ಎಡಕ್ಕೆ. ಬ್ರೇಕ್ ಎಲ್ಲಿ ಹಿಡಿಯಬೇಕೆಂದು ತೋರಿಸಲು ಮೇಷ್ಟ್ರು ಒಂದು ಒಣ ಕೋಲು ನೆಟ್ಟರು.

ಪ್ರಣತಿ ಕೋಲಿನ ಬಳಿ ಬ್ರೇಕ್ ಹಿಡಿದಳು, ಬಿಟ್ಟಳು, ತಿರುಗಿಸಿದಳು, ತಿರುಗುತ್ತಿರುವಾಗಲೇ ಆಕ್ಸಿಲರೇಟರ್ ಒತ್ತಿದಳು. ಗಾಡಿಯ ಮೂತಿ ಹೊರಕ್ಕೆ ಸರಿಯಿತು. ಮರದಿಂದ ದೂರ ದೂರ ಹೋಗಿ ಹೇಗೋ ತಿರುಗಿತು.

ಶೂ ಬಿಚ್ಚಿ ನಡೆದಳು.

"ಏನು ಕಾಣ್ತು?"

"ಮುಂದಿನ ಚಕ್ರದ ಮಣ್ಣು ಹಿಂದಕ್ಕೆ ಸಿಡಿದಿದೆ. ಅಲ್ಲಿಂದಲೇ ಗಾಡಿ ಹೊರಗೆ ಹೋಗಿದೆ."

"ಹಿಂದಿನ ಚಕ್ರ?"

ಪ್ರಣತಿ ಬಗ್ಗಿ ನೋಡಿದಳು. ಅಚ್ಚು ಒಂದಿಷ್ಟೂ ಕೆಟ್ಟಿರಲಿಲ್ಲ. "ಅದಕ್ಕೇನೂ ಕೆಲಸ ಇರ‍್ಲಿಲ್ಲ. ಸುಮ್ನೆ ಹಿಂದೆ ಬಂದಿದೆ." ಅವಳಿಗೆ ಕುತೂಹಲ ಹುಟ್ಟಿತು. "ಮುಂದಿನ ಚಕ್ರಾನೇ ಗಾಡೀನ ತಿರುಗಿಸ್ಲೂ ಬೇಕು, ಎಳೀಲೂ ಬೇಕು. ಎರಡೂ ಕೈಯಲ್ಲಿ ಬಕೆಟ್!"

"ಹೂಂ."

"ಮೊದಲು ತಿರುಗಿಸಿ, ಆಮೇಲೆ ಎಳೀಲಾ?"

"ನನ್ನನ್ನ ಕೇಳಿದ್ರೆ? ಗಾಡಿ ಅಲ್ಲಿದೆ."

ಎರಡನೇ ಸಲ ಕಾಲು ತಡೆದು ಹಿಡಿದಳು. ಮೂತಿ ಮರದ ಕಡೆಗೆ ತಿರುಗುವವರೆಗೂ ಕಾದು ಆಮೇಲೆ ಒತ್ತಿದಳು. ಕೆಂಪು ಗಾಡಿ ಮರ ಸವರಿಕೊಂಡು ಬಂತು. ಅವಳಿಗೆ ಖುಷಿಯಾಯಿತು. ಆದರೂ ಕಣ್ಣು ಬಿಳಿ ಗಾಡಿಯ ಮೇಲೇ ಇತ್ತು.

"ಬಿಳೀದಕ್ಕೆ ಇಷ್ಟೆಲ್ಲ ಕಾಯ್ಬೇಕಾಗಿಲ್ಲ ಅಲ್ವಾ ಮೇಷ್ಟ್ರೇ?"

"ಓಡಿಸಿ ನೋಡು."

ಬಿಳಿ ಗಾಡಿ ಕೋಲು ದಾಟಿ, ಮರ ಬಳಸಿ, ನಾಲ್ಕೂ ಚಕ್ರದಿಂದ ನೆಲ ಕಚ್ಚಿ ಹಾರಿಕೊಂಡು ಬಂತು. ಪ್ರಣತಿ ಕಿಟಕಿಯಿಂದ ತಲೆ ಹೊರಗೆ ಹಾಕಿ ನಕ್ಕಳು.

"ಎಷ್ಟು ಚೆನ್ನಾಗಿದೆ ನೋಡಿದ್ರಾ!"

"ನೋಡ್ದೆ. ತಿರುವಿಂದ ಹೊರಗೆ ಬರೋಕೆ ಬಿಳೀದೇ ಚೆಂದ. ಸುಳ್ಳು ಹೇಳಲ್ಲ."

ಗುರುವಿನ ಬಾಯಿಂದ ಹೊಗಳಿಕೆ ಬಂದ ಮೇಲೆ ಕೇಳಬೇಕೆ? ಇನ್ನೊಂದು ಸುತ್ತು ಹೊರಟಳು. ಮತ್ತೊಂದು. ಪ್ರತಿ ಸುತ್ತಿಗೂ ವೇಗ ಏರಿತು.

ಕೊನೆಯ ಸಲ ಗಾಡಿ ತಿರುಗಲಿಲ್ಲ.

ಸ್ಟಿಯರಿಂಗ್ ಪೂರ್ತಿ ಎಡಕ್ಕೆ ತಿರುಗಿತ್ತು, ಗಾಡಿ ನೇರ ಹೋಯಿತು. ಮರ ದಾಟಿ, ಬಯಲು ದಾಟಿ, ಜೊಂಡಿನೊಳಗೆ ನುಗ್ಗಿ ನಿಂತಿತು. ಎಡಗಡೆಯ ಸೀಟು ಖಾಲಿ ಇತ್ತು. ಆದರೂ ಪ್ರಣತಿಯ ಎಡಗೈ ಅದಕ್ಕೆ ಅಡ್ಡ ಚಾಚಿತ್ತು, ಅಲ್ಲಿ ಕೂತವರನ್ನು ಹಿಡಿಯಲು.

ಅವಳು ಇಳಿದು ಬರುವಾಗ ಮುಖ ಬಿಳಿಚಿಕೊಂಡಿತ್ತು.

"ಇದೂ ಹಾಗೇ ಮಾಡ್ತು ಮೇಷ್ಟ್ರೇ. ಅವತ್ತಿನ ಹಾಗೇ."

"ಶೂ ಬಿಚ್ಚು."

ಈ ಸಲ ಮೇಷ್ಟ್ರೂ ಚಪ್ಪಲಿ ಬಿಟ್ಟು ಜೊತೆಗೆ ನಡೆದರು. ಹಿಂದಿನ ಸುತ್ತುಗಳ ಗುರುತುಗಳೆಲ್ಲ ಎಡಕ್ಕೆ ಹೊರಳಿದ್ದವು. ಒಂದು ಮಾತ್ರ ನೇರ ಜೊಂಡಿಗೆ ಹೋಗಿತ್ತು. ಕೋಲಿನ ಬಳಿ ಅದರ ಅಚ್ಚು ಚೊಕ್ಕವಾಗಿತ್ತು. ಕೋಲು ದಾಟಿ ಬಹಳ ದೂರ ಹೋದ ಮೇಲೆ ನುಣ್ಣಗಾಗಿತ್ತು.

"ಕೋಲಿನ ಹತ್ರಾನೇ ಬ್ರೇಕ್ ಹಿಡಿದೆ ಅಂದ್ಕೊಂಡಿದ್ದೆ," ಎಂದಳು ಪ್ರಣತಿ.

"ನಾಲ್ಕೂ ಚಕ್ರ ಎಳೆಯುತ್ತೆ, ತಡವಾಗಿ ಹಿಡಿದ್ರೂ ಆಗುತ್ತೆ ಅಂತ ನಿನ್ನ ಕಾಲಿಗೆ ಯಾರು ಹೇಳಿದ್ರು?"

ಅವಳು ಮುಂದೆ ನಡೆದಳು. ಗಾಡಿ ತಿರುಗದೆ ಹೋದ ಜಾಗದಲ್ಲಿ ಕೂತು ಮಣ್ಣು ಮುಟ್ಟಿದಳು. ಮುಂದಿನ ಚಕ್ರದ ಗುರುತು ಅಂಗೈ ಉಜ್ಜಿದಷ್ಟು ನುಣುಪು. ಎಲ್ಲೂ ಮಣ್ಣು ಹಿಂದಕ್ಕೆ ಸಿಡಿದಿರಲಿಲ್ಲ.

"ಇಲ್ಲಿ ಯಾವ ಚಕ್ರ ಎಳೆಯಿತು?" ಮೇಷ್ಟ್ರು ಕೇಳಿದರು.

ಪ್ರಣತಿ ಬಹಳ ಹೊತ್ತು ಹುಡುಕಿದಳು.

"ಯಾವುದೂ ಇಲ್ಲ. ನನ್ನ ಕಾಲು ಬ್ರೇಕ್ ಮೇಲಿತ್ತು."

"ನಾಲ್ಕು ಚಕ್ರ ಎಳೆಯೋ ಗಾಡಿಗೆ ಬ್ರೇಕು ಎಷ್ಟು ಚಕ್ರಕ್ಕೆ?"

"ನಾಲ್ಕಕ್ಕೆ."

"ಎರಡು ಎಳೆಯೋದಕ್ಕೆ?"

"ಅದಕ್ಕೂ ನಾಲ್ಕೇ."

ಗಾಳಿಗೆ ಜೊಂಡು ಆಡಿತು. ಪ್ರಣತಿಗೆ ಮಳೆಯಲ್ಲಿ ತೊಳೆದುಹೋಗಿದ್ದ ಆ ಇನ್ನೊಂದು ಗುರುತು ಈಗ ಕಣ್ಣೆದುರಿಗೆ ಬಂದಿತ್ತು.

"ಅವತ್ತೂ ಬ್ರೇಕ್ ಮೇಲೇ ಇದ್ದೆ," ಎಂದಳು ಮೆಲ್ಲಗೆ. "ತಡವಾಗಿ ಹಿಡಿದು, ಹಿಡಿದುಕೊಂಡೇ ತಿರುಗಿಸಿದೆ. ಆ ಹೊತ್ತಿಗೆ ಯಾವ ಚಕ್ರಾನೂ ಎಳೀತಿರ‍್ಲಿಲ್ಲ. ತಪ್ಪನ್ನ ಗಾಡಿ ಮೇಲೆ ಯಾಕೆ ಹಾಕ್ದೆ ನಾನು?"

ಅವಳ ಕಣ್ಣು ತುಂಬಿ ಬಂತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆ.

"ಇದನ್ನ ಹೇಳಿದ್ರೆ ಶಾಹೀನ ಬರಲ್ಲ ಮೇಷ್ಟ್ರೇ."

"ಬರದೇ ಇರಬಹುದು."

"ಬಿಳಿ ಗಾಡಿ ಸಿಕ್ತು ಅಂದ್ರೆ ಬರ‍್ತಾಳೆ."

"ಹೌದು, ಬರಬಹುದು."

ಅಷ್ಟು ಹೇಳಿ ಮೇಷ್ಟ್ರು ಚಪ್ಪಲಿ ಕೈಯಲ್ಲಿ ಹಿಡಿದು ಶೆಡ್ಡಿನ ಕಡೆ ಹೊರಟರು. ಈ ಮನುಷ್ಯನಿಗೆ ಒಂದು ಸಮಾಧಾನದ ಮಾತು ಹೇಳಿದರೆ ಗಂಟೇನು ಹೋಗುತ್ತಿತ್ತೋ!

ಪ್ರಣತಿ ಗುರುತಿನ ಪಕ್ಕದಲ್ಲೇ ಕೂತು ಫೋನು ಮಾಡಿದಳು.

"ಶಾಹೀನ, ಅವತ್ತು ಗಾಡಿದೇನೂ ತಪ್ಪಿರ‍್ಲಿಲ್ಲ ಕಣೇ. ನಂದು. ಇವತ್ತು ಬಿಳೀದರಲ್ಲೂ ಅದನ್ನೇ ಮಾಡ್ದೆ, ಗುರುತು ಇಲ್ಲೇ ಮೇಷ್ಟ್ರ ಬಯಲಲ್ಲಿದೆ."

ಆ ಕಡೆಯಿಂದ ಫೋನು ಕಟ್ಟಾಯಿತು.

ಮಾರನೆಯ ದಿನ ಬೆಳಿಗ್ಗೆ ಬಯಲಿನ ದಾರಿಯಲ್ಲಿ ಸ್ಕೂಟರೊಂದು ಕುಲುಕುತ್ತಾ ಬಂತು. ಶಾಹೀನ ಇಳಿದಳು. ಪ್ರಣತಿಯ ಮುಖ ನೋಡಲಿಲ್ಲ.

"ಗುರುತು ಎಲ್ಲಿದೆ?"

ಪ್ರಣತಿ ಕೈ ತೋರಿಸಿದಳು. ಶಾಹೀನ ಚಪ್ಪಲಿ ಬಿಟ್ಟು ಒಬ್ಬಳೇ ನಡೆದಳು. ಕೋಲಿನ ಹತ್ತಿರ ನಿಂತಳು. ಅಚ್ಚು ನುಣ್ಣಗಾದ ಕಡೆ ಪಾದದಿಂದ ತಡವಿದಳು. ಜೊಂಡಿನ ತನಕ ಹೋಗಿ ಸಿಕ್ಕಿಕೊಂಡಿದ್ದ ಬಿಳಿ ಗಾಡಿಯನ್ನು ಸುತ್ತಿ ನೋಡಿ ವಾಪಸ್ಸು ಬಂದಳು.

"ಕೂಡಲೇ ಹೇಳೋಕೆ ಏನಾಗಿತ್ತೇ ನಿನಗೆ?"

"ನನಗೇ ಗೊತ್ತಿರ‍್ಲಿಲ್ಲ."

"ನಂಗೆ ಗೊತ್ತಿತ್ತು," ಎಂದಳು ಶಾಹೀನ. "ಪಕ್ಕದಲ್ಲೇ ಕೂತಿದ್ದೆನಲ್ಲ. ನೀನು ಹೇಳ್ತೀಯೇನೋ ಅಂತ ಒಂದು ವರ್ಷ ಕಾದೆ."

ಪ್ರಣತಿ ಅತ್ತಳು. ಶಾಹೀನಳೂ ಅತ್ತಳು, ಬೈಯುತ್ತಲೇ.

ಆಮೇಲೆ ಶಾಹೀನ ಸ್ಕೂಟರಿನ ಸೀಟು ಎತ್ತಿ ತನ್ನ ಹೆಲ್ಮೆಟ್ ಹೊರಗೆ ತೆಗೆದಳು. ರ‍್ಯಾಲಿಯ ಹೆಲ್ಮೆಟ್ಟು, ಮೈಕ್ ಇರುವಂಥದ್ದು. ಅದನ್ನು ಕಂಕುಳಲ್ಲಿ ಇರಿಸಿಕೊಂಡು ಮರದ ಕೆಳಗಿನ ಕೆಂಪು ಗಾಡಿ ನೋಡಿದಳು, ಜೊಂಡಿನಲ್ಲಿದ್ದ ಬಿಳಿ ಗಾಡಿ ನೋಡಿದಳು.

ಮೇಷ್ಟ್ರು ಶೆಡ್ಡಿನ ಬಾಗಿಲಲ್ಲಿ ಕಾಫಿ ಆರಿಸಿಕೊಳ್ಳುತ್ತಿದ್ದರು.

"ಮೇಷ್ಟ್ರೇ, ನೀವೇ ಹೇಳಿ. ಈ ಎರಡರಲ್ಲಿ ಯಾವುದು ಒಳ್ಳೇ ಗಾಡಿ?" ಶಾಹೀನ ಕೇಳಿದಳು.

ಮೇಷ್ಟ್ರು ಒಂದು ಗುಟುಕು ಕುಡಿದರು.

"ನೀನು ಯಾವುದರಲ್ಲಿ ಕೂರ‍್ತೀಯೋ ಅದು."