ಕಾಶವ್ವನಿಲ್ಲದ ಕಾಶವ್ವನ ಓಣಿ

ನಮ್ಮ ಜವಳಿ ಪೇಟೆಗೆ ಬಂದವರು ಮೊದಲು ಕುಪ್ಪಸದ ಖಣದ ಅಂಗಡಿಗಳ ಸಾಲಿಗೆ ಹೋಗಬೇಕು. ಹೊರಗೆ ನೇತುಹಾಕಿದ ಖಣವನ್ನು ಮಾತ್ರ ಕೊಳ್ಳಬಾರದು, ಅದು ಬಿಸಿಲಿಗೆ ಬಣ್ಣ ಬಿಟ್ಟಿರುತ್ತದೆ. ಒಳಗಿನ ಕಪಾಟು ತೆಗೆಸಬೇಕು. ಆಮೇಲೆ ಗಾಣದ ಮೂಲೆಯಲ್ಲಿ ಗಿರ್ಮಿಟ್ ತಿಂದು, ಜೊತೆಗೆ ಕೊಡುವ ಮೆಣಸಿನಕಾಯಿಯ ಮೇಲೆ ಶೌರ್ಯ ತೋರಿಸದೆ, ಗಡಿಯಾರದ ಗೋಪುರವನ್ನು ನೋಡಬೇಕು. ಅದರ ನಾಲ್ಕು ಮುಖಗಳು ನಾಲ್ಕು ಹೊತ್ತು ತೋರಿಸುತ್ತವೆ. ನಿಮಗೆ ಅನುಕೂಲವಾದದ್ದನ್ನು ನಂಬಿರಿ. ಗೋಪುರದ ಹಿಂದೆ ಏಳು ಓಣಿಗಳು ಕೂಡುವಲ್ಲಿ ಒಂದು ಬೇವಿನ ಮರ, ಮರದ ಸುತ್ತ ಕಲ್ಲಿನ ಕಟ್ಟೆ. ಏಳನೆಯ ಓಣಿಯ ಬಾಯಲ್ಲಿ ‘ಕಾಶವ್ವನ ಓಣಿ’ ಎಂಬ ಫಲಕವಿದೆ. ಕಾಶವ್ವ ಯಾರೆಂದು ಕೇಳಿದರೆ ಪೇಟೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನು ಹೇಳುವುದೇ ಸರಿ, ಏಕೆಂದರೆ ನನಗೆ ಹೇಳಿದವರು ಯಾರೂ ಈಗ ಬದುಕಿಲ್ಲ.

ಹಿಂದೆ ಒಮ್ಮೆ, ಗೋಪುರದ ನಾಲ್ಕು ಮುಖಗಳೂ ಒಂದೇ ಹೊತ್ತು ತೋರಿಸುತ್ತಿದ್ದ ಕಾಲದಲ್ಲಿ, ಆ ಕಟ್ಟೆಯ ಮೇಲೆ ಗೂಳಪ್ಪನೆಂಬ ಛತ್ರಿ ರಿಪೇರಿಯವನು ಕೂರುತ್ತಿದ್ದನಂತೆ. ಹೆಂಡತಿಯಿಲ್ಲ, ಬಂಧುಬಳಗವಿಲ್ಲ. ಮಳೆಗಾಲದ ನಾಲ್ಕು ತಿಂಗಳು ಮುರಿದ ಕಡ್ಡಿಗಳೊಂದಿಗೆ ಮನುಷ್ಯರೂ ಬರುತ್ತಿದ್ದರು. ಉಳಿದ ಎಂಟು ತಿಂಗಳು ಅವನನ್ನು ಮಾತಾಡಿಸುತ್ತಿದ್ದವರು ದಾರಿ ಕೇಳುವ ಪರವೂರಿನವರು ಮಾತ್ರ. ಒಳ್ಳೆಯ ಸೀರೆ ಎಲ್ಲಿ, ಊಟ ಎಲ್ಲಿ ಎಂದು ಕೇಳುವರು, ಇವನು ಚಾಚೂ ತಪ್ಪದೆ ಹೇಳುವನು, ಅವರು ಹೋಗುವರು. ಸರಿಯಾದ ದಾರಿ ಹೇಳಿಸಿಕೊಂಡವರು ಯಾರೂ ಮರಳಿ ಬಂದು ಊಟ ಹೇಗಿತ್ತೆಂದು ಹೇಳುವುದಿಲ್ಲ. ಒಂದು ಸಲ ಮಾತ್ರ ಅವನು ಬಾಯಿತಪ್ಪಿ ಒಬ್ಬನನ್ನು ಏಳನೆಯ ಓಣಿಗೆ ಕಳಿಸಿದ. ಆ ಓಣಿಯ ಕೊನೆಗೆ ಬರೀ ಗೋಡೆ. ಹೋದವನು ಸಿಟ್ಟಿನಿಂದ ಮರಳಿ ಬಂದು ಅರ್ಧ ಗಂಟೆ ಬೈದ. ಬೈದು ದಣಿದು ಕಟ್ಟೆಯ ಮೇಲೆ ಕೂತ, ನೀರು ಕುಡಿದ, ತನ್ನ ಮಗಳ ಮದುವೆಯ ಸುದ್ದಿ ಹೇಳಿದ. ಗೂಳಪ್ಪನಿಗೆ ಅಂಥ ಮಧ್ಯಾಹ್ನ ಹಿಂದೆಂದೂ ಸಿಕ್ಕಿರಲಿಲ್ಲ.

ಮರುದಿನದಿಂದ ಊಟ ಕೇಳಿದವರೆಲ್ಲ ಏಳನೆಯ ಓಣಿಗೇ. “ಗ್ವಾಡಿ ಐತಿ ಅಲ್ಲೆ. ಗ್ವಾಡಿ ತಿನ್ನಲೇನ?” ಎಂದು ಬಂದವರು ಗದರಿದರೆ, “ನೀಲಿ ಬಾಗಲಾ ಕಾಣಲಿಲ್ಲೇನ್ರಿ? ಕೂಡ್ರಿ, ಸರಿಯಾಗಿ ಹೇಳ್ತೀನಿ” ಎನ್ನುವನು. ಹೀಗೆ ಬೈಗುಳಕ್ಕೊಂದು ವಿವರದಂತೆ, ಇಲ್ಲದ ಖಾನಾವಳಿಯೊಂದು ಅವನ ಮಾತಿನಲ್ಲೇ ಬೆಳೆಯಿತು. ನೀಲಿ ಬಾಗಿಲಾಯಿತು, ಒಳಗೆ ಕಾಶವ್ವನಾದಳು, ಅವಳ ಕೈಯ ಎಣ್ಣೆಗಾಯಿಯಾಯಿತು. ತಟ್ಟೆಯಲ್ಲಿ ರೊಟ್ಟಿ ಬಿಟ್ಟರೆ ರೇಗುತ್ತಾಳೆ ಎನ್ನುವುದೂ ಸೇರಿತು. ಅವಳ ಎಡಗಾಲು ತುಸು ಕುಂಟು ಎಂಬುದನ್ನು ಮಾತ್ರ ಗೂಳಪ್ಪ ಯಾರಿಗೂ ಹೇಳಿರಲಿಲ್ಲ. ಅದು ಅವನಿಗಷ್ಟೇ ಗೊತ್ತಿತ್ತು.

ಒಂದು ಬೇಸಿಗೆಯಲ್ಲಿ ಮೋದಿನಸಾಬನೆಂಬ ಬಳೆಗಾರ ಬಂದ. ಆಸಾಮಿ ನನ್ನ ಜಾತಿಯವನೇ, ಅಂದರೆ ತುಂಟರ ಜಾತಿ. ಹಸಿದು, ಗೂಳಪ್ಪ ಹೇಳಿದ ಕಾಶವ್ವನನ್ನು ನಂಬಿ ಓಣಿಗೆ ಹೋದ, ಗೋಡೆ ಕಂಡ, ಮೋಸ ತಿಳಿಯಿತು. ಬೈಯುವ ಬದಲು ಮೀಸೆ ಒರೆಸಿಕೊಳ್ಳುತ್ತ, ಸುಳ್ಳೇ ತೇಗುತ್ತ ಮರಳಿದ.

“ಗಡದ್ದಾಗಿ ಉಂಡ್ನೆಪಾ, ಗೂಳಪ್ಪಣ್ಣಾ.”

“ಎಲ್ಲಿ ಉಂಡಿ?”

“ನೀನ ಕಳಿಸಿದಲ್ಲೆ. ಕಾಶವ್ವ ನಿನ್ನ ಕೇಳಿದ್ಲು. ‘ಮಂದೀನೆಲ್ಲಾ ಕಳಸ್ತಾನ, ತಾ ಒಂದಿನಾನೂ ಯಾಕ ಬರಂಗಿಲ್ಲ’ ಅಂದ್ಲು. ರೊಟ್ಟಿ ಮುಚ್ಚಿಟ್ಟಾಳ ನಿನಗ.”

ಆ ಖಾನಾವಳಿ ಸುಳ್ಳೆಂದು ಗೂಳಪ್ಪನಷ್ಟು ಬಲ್ಲವರು ಲೋಕದಲ್ಲಿ ಇನ್ನೊಬ್ಬರಿರಲಿಲ್ಲ. ಆದರೂ “ಕಾಲು ಹ್ಯಾಂಗೈತಿ ಆಕಿದು?” ಎಂದು ಕೇಳಿದ. ಬಳೆಗಾರನಿಗೆ ತಲೆಬುಡ ತಿಳಿಯಲಿಲ್ಲ; ಆದರೂ ಕಸುಬು ಬಿಡಲಿಲ್ಲ. “ಈಗ ಅಡ್ಡಿಯಿಲ್ಲ,” ಎಂದ. ಗೂಳಪ್ಪ ಮುಖ ತೊಳೆದುಕೊಂಡ, ರುಮಾಲು ಸುತ್ತಿದ, ಓಣಿಯೊಳಗೆ ನಡೆದ.

ಮೋದಿನಸಾಬ ನಗು ತಡೆದುಕೊಂಡು, ಬೈಗುಳಕ್ಕೆ ಕಾಯುತ್ತ ಕಟ್ಟೆಯ ಮೇಲೆ ಕೂತ. ಸಂಜೆಯಾಯಿತು. ಎದ್ದು ಹೋಗಿ ನೋಡಿದರೆ ಓಣಿ ಗೋಡೆಯವರೆಗೂ ಖಾಲಿ. ಗೂಳಪ್ಪ ನಾಚಿಕೆಯಿಂದ ಗೋಡೆ ಹಾರಿ ಊರು ಬಿಟ್ಟನೆಂದು ಕೆಲವರು, ಉಂಡು ಅಲ್ಲೇ ಉಳಿದನೆಂದು ಕೆಲವರು ಹೇಳುತ್ತಾರೆ. ಬಳೆಗಾರ ಆ ವರ್ಷ ಮುಂದಿನ ಊರಿಗೆ ಹೋಗಲಿಲ್ಲವಂತೆ. ಕಟ್ಟೆಯ ಮೇಲೆಯೇ ಕೂತಿದ್ದ. ಯಾರಾದರೂ ಊಟ ಎಲ್ಲಿ ಎಂದರೆ ಅವನ ಬಾಯಿಗೆ ಬರುತ್ತಿದ್ದದ್ದು ಒಂದೇ ಹೆಸರು, ಅದೇ ಓಣಿಗೆ ನಿಂತಿತು ಎನ್ನುತ್ತಾರೆ.

ಇಂದಿಗೂ ಓಣಿಯ ಕೊನೆಗೆ ಹೋದವರಿಗೆ ಗೋಡೆ ಕಾಣುತ್ತದೆ. ಎದೆಮಟ್ಟದಲ್ಲಿ ಅದರ ಗಾರೆ ಸವೆದು ನುಣುಪಾಗಿದೆ. ಹೋದವರೆಲ್ಲ ಒಮ್ಮೆ ಅಂಗೈಯಿಟ್ಟು ನೂಕಿ ನೋಡುತ್ತಾರೆ. ನೀವೂ ನೂಕಿ ನೋಡಿ, ಸಿಟ್ಟು ಬಂದರೆ ಬೈಯಲು ಬನ್ನಿ. ನಾನು ಸಾಮಾನ್ಯವಾಗಿ ನಾಲ್ಕು ಗಂಟೆಯವರೆಗೂ ಕಟ್ಟೆಯ ಮೇಲಿರುತ್ತೇನೆ. ನಿನ್ನೆ ಕಳಿಸಿದ ಗಂಡಹೆಂಡತಿ ಇನ್ನೂ ಬಂದಿಲ್ಲ.